ಇಸ್ತ್ರಿ ಹಾಕಿದ ಗೆರೆ

"ಈ ಮನುಷ್ಯನಿಗೆ ಇಷ್ಟೊಂದು ಸ್ನೇಹಿತರು ಯಾವಾಗ ಹುಟ್ಕೊಂಡ್ರು?"

ಮಡಿಚಿದ ಕುರ್ಚಿಗಳನ್ನು ಬಿಡಿಸಿ ಗೋಡೆಗೆ ತಾಗಿಸಿಡುತ್ತಾ ಹೆಂಡತಿ ಕೇಳಿದಳು. ಯಾರನ್ನೂ ಅಲ್ಲ. ನಡುಮನೆಯ ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಬದುಕಿದ್ದಾಗಲೇ ಇಂಥದ್ದಕ್ಕೆಲ್ಲ ಉತ್ತರ ಕೊಟ್ಟವರಲ್ಲ. ಕಣ್ಣು ಕೊಟ್ಟ ದೇವರು ಅವರಿಗೆ ನಾಲಗೆ ಕೊಡುವುದನ್ನು ಮರೆತಿದ್ದ.

"ದೊಡ್ಡ ಟೆಲಿಸ್ಕೋಪಿನವರೂ ಬರ್ತಾರಂತಲ್ಲಕ್ಕಾ," ಎಂದ ಪಕ್ಕದ ಕ್ವಾರ್ಟರ್ಸಿನ ಬಡಗಿ. ಪೆಟ್ಟಿಗೆ ಅವನೇ ಮಾಡಿದ್ದು. "ಅಣ್ಣ ಗ್ಯಾಸಿನ ಮೇಲೆ ಏನೋ ಮಾಡ್ತಾರೆ ಅಂದಾಗ, ನಾನು ಹೊಟ್ಟೆ ಗ್ಯಾಸು ಅಂದ್ಕೊಂಡಿದ್ದೆ."

ಅವಳಿಗೆ ನಗು ಬಂತು. ಬೆಳಗಿನಿಂದ ಆ ಮನೆಯಲ್ಲಿ ಕೇಳಿಬಂದ ಸುಳ್ಳಲ್ಲದ ಮಾತು ಅದೊಂದೇ.

ಉಳಿದವರದ್ದು ಬೇರೆಯೇ ರಾಗ. "ಏನು ದೃಷ್ಟಿ ಅವರದು!" "ನಾನಂತೂ ಆಗಲೇ ಹೇಳಿದ್ದೆ." ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಕಳೆದ ತಿಂಗಳವರೆಗೂ ಇದೇ ಬಾಯಿಗಳು ಅವರನ್ನು ಕರೆಯುತ್ತಿದ್ದದ್ದು 'ತಣ್ಣೀರು ಮಾಮ' ಎಂದು.

ಬಾಗಿಲಲ್ಲಿ ಗದ್ದಲವಾಯಿತು. ಇಸ್ತ್ರಿ ಸಾಹೇಬರು ಬಂದರು. ಗಂಡ ಕೆಲಸ ಮಾಡುತ್ತಿದ್ದ ಖಗೋಳ ಸಂಸ್ಥೆಯ ನಿರ್ದೇಶಕರು. ಕರವಸ್ತ್ರವನ್ನು ಒಣಗಿದ ಕಣ್ಣಿಗೆ ಒತ್ತಿಕೊಳ್ಳುತ್ತಲೇ ಎಡಗಣ್ಣಲ್ಲಿ ಯಾರು ಯಾರು ಬಂದಿದ್ದಾರೆಂದು ನೋಡಿಕೊಂಡರು.

*

ವರ್ಷಗಳ ಹಿಂದೆ, ಮರೆತುಹೋದ ಕನ್ನಡಕ ಕೊಡಲು ಸಂಸ್ಥೆಗೆ ಹೋದವಳು ಗಂಡನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಕಂಪ್ಯೂಟರ್ ಪರದೆಯ ಮೇಲೊಂದು ಉದ್ದನೆಯ ಗೆರೆ. ನಡುವೆ ಅಗಲವಾದ, ತೀರಾ ಮೆತ್ತಗಿನ ಒಂದು ಉಬ್ಬು. ಭಾರಿ ಗ್ಯಾಲಕ್ಸಿಯೊಂದರ ಸುತ್ತಲಿಂದ ಬಂದ ರೇಡಿಯೋ ಅಲೆಯ ಗೆರೆ ಅದು. ಅಂಥ ಗ್ಯಾಲಕ್ಸಿಯ ಸುತ್ತ ಇರುವುದು ಧಗಧಗ ಕಾದ ಅನಿಲ, ತಣ್ಣಗಿನದು ಅಲ್ಲಿ ಉಳಿಯಲಾರದು ಎಂದು ಸಂಸ್ಥೆಯಲ್ಲಿ ಎಲ್ಲರ ನಂಬಿಕೆ.

"ಇದೇನಯ್ಯಾ ಗೂನು?" ಸಾಹೇಬರು ಕೇಳಿದರು.

"ತಣ್ಣಗಿನ ಅನಿಲ ಸಾರ್. ಕಾದದ್ದರ ಮಧ್ಯದಲ್ಲೇ ಇದೆ. ಎರಡರ ನಡುವೆ ಬೆಚ್ಚಗಿನದೂ ಇರ್ಬೇಕು."

"ಉಪಕರಣದ ಸೊಟ್ಟು ಕಣಯ್ಯಾ."

"ಪಕ್ಕದ ಖಾಲಿ ಆಕಾಶಕ್ಕೆ ತಿರುಗಿಸಿದ್ರೆ ಬರಲ್ಲ ಸಾರ್. ಉಪಕರಣದ್ದಾಗಿದ್ರೆ ಅಲ್ಲೂ ಬರ್ಬೇಕಲ್ವಾ?"

"ಇಸ್ತ್ರಿ ಹಾಕು."

ಉಪಕರಣ ತಾನಾಗಿಯೇ ಗೆರೆಯನ್ನು ಕೊಂಚ ಬಾಗಿಸುವುದುಂಟು. ಆ ಬಾಗನ್ನು ಲೆಕ್ಕ ಹಾಕಿ ಕಳೆದು ನೇರ ಮಾಡುವುದಕ್ಕೆ ಅಲ್ಲಿ ಇಸ್ತ್ರಿ ಎಂದು ಹೆಸರು. ಕಂಡದ್ದಕ್ಕೆಲ್ಲ ಅದನ್ನೇ ಹಾಕಿಸುತ್ತಿದ್ದ ನಿರ್ದೇಶಕರಿಗೂ ಬೆನ್ನ ಹಿಂದೆ ಅದೇ ಹೆಸರು. ಗಂಡ ಕೀಲಿ ಒತ್ತಿದರು. ಉಬ್ಬು ಹೋಯಿತು. ಗೆರೆ ಹೆಣದಂತೆ ನೆಟ್ಟಗೆ ಮಲಗಿತು. ಸುತ್ತಲಿದ್ದ ಸಹೋದ್ಯೋಗಿಗಳು ನಕ್ಕರು.

"ನೀವ್ಯಾಕೆ ಒತ್ತಿದ್ರಿ? ಬಾವಿಗೆ ಬೀಳು ಅಂದ್ರೆ ಬೀಳ್ತೀರಾ?" ಎಂದು ಅವಳು ಸಂಜೆ ಕೇಳಿದಳು.

ಅವರು ಬೂಟಿನ ದಾರ ಬಿಚ್ಚುತ್ತಾ, "ಇಲ್ಲಿ ಅಳಿಸಿದ್ರೆ ಅಲ್ಲಿಂದ ಹೋಗತ್ತಾ? ಇದ್ದೇ ಇರತ್ತೆ," ಎಂದರು.

ಉಪ್ಪು ಖಾರ ತಿಂದ ಮೈಯೇ ಇದು? ಅಂದಿನಿಂದ ಸಾಹೇಬರ ಮೇಲಿದ್ದಷ್ಟೇ ತಾತ್ಸಾರ ಅವಳಿಗೆ ಗಂಡನ ಮೇಲೂ ಇತ್ತು. ಅವರು ಮಾತ್ರ ಸಂಸ್ಥೆಯ ಟೆಲಿಸ್ಕೋಪಿನಲ್ಲಿ ಯಾರಿಗೂ ಬೇಡವಾದ ಹೊತ್ತನ್ನು ಬೇಡಿ ಪಡೆದು, ವರ್ಷ ವರ್ಷವೂ ಅದೇ ಗ್ಯಾಲಕ್ಸಿಗೆ ಕಿವಿಗೊಟ್ಟು ಕೂತರು. ಅದನ್ನೇ ಹೇಳಿದರು, ನಗೆಗೀಡಾದರು. ಕಳೆದ ತಿಂಗಳು ಇನ್ನೆಲ್ಲಿಯದೋ ದೊಡ್ಡ ಟೆಲಿಸ್ಕೋಪು ಆ ತಣ್ಣಗಿನ ಅನಿಲವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಆಗ ಅವರು ಆಸ್ಪತ್ರೆಯಲ್ಲಿದ್ದರು.

*

ವ್ಯಾನು ಬಂತು. ಸಾಹೇಬರು ಎಲ್ಲರಿಗಿಂತ ಮೊದಲು ಪೆಟ್ಟಿಗೆಯ ಮುಂದಿನ ಹಿಡಿಗೆ ಕೈ ಹಾಕಿ, ಅವಳ ಕಿವಿಯತ್ತ ಬಗ್ಗಿದರು.

"ನೋಡಮ್ಮಾ, ಆ ತಣ್ಣಗಿನ ಅನಿಲದ ಬಗ್ಗೆ ದೊಡ್ಡ ಟೆಲಿಸ್ಕೋಪಿನಾಕೆ ಕೇಳ್ತಾರೆ. ಅವನೂ ನಾನೂ ಇಬ್ರೂ ಸೇರಿ ಕಂಡದ್ದು ಅಂತ ಒಂದು ಮಾತು ಅಂದ್ಬಿಡಿ. ಅವನಿಗೂ ಮರ್ಯಾದೆ. ಮನೆ ವಿಷಯ ಬಿಡಿ, ಮಗಳ ಓದು ಮುಗಿಯೋವರೆಗೂ ಇಲ್ಲೇ ಇರಿ. ನಾನಿದೀನಲ್ಲ."

"ಹೇಳದಿದ್ರೆ?"

"ನಿಯಮ ನಿಮಗೇ ಗೊತ್ತಲ್ಲ. ತಿಂಗಳೊಳಗೆ ಕ್ವಾರ್ಟರ್ಸು ಬಿಡ್ಬೇಕಾಗತ್ತೆ."

ಅಪ್ಪನ ತಲೆಯ ಬಳಿ ನಿಂತಿದ್ದ ಮಗಳ ಮುಖವನ್ನು ಅವಳು ನೋಡಿದಳು. ಅಂದು ಗಂಡನ ಬೆರಳು ಯಾಕೆ ಕೀಲಿ ಒತ್ತಿತೆಂದು ಇಷ್ಟು ವರ್ಷದ ಮೇಲೆ ಹೊಳೆಯಿತು. ಇದೇ ಮನೆ, ಇದೇ ಮಗಳು. ಅವಳು ಮನಸ್ಸಿನಲ್ಲೇ ಗಂಡನ ಕ್ಷಮೆ ಕೇಳಿದಳು.

ಟೆಲಿಸ್ಕೋಪಿನಾಕೆ ಜನರ ನಡುವೆ ದಾರಿ ಮಾಡಿಕೊಂಡು ಬಂದರು. "ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಇದನ್ನ ಮೊದಲು ಕಂಡವರು ಯಾರು ಅಂತ ನಮ್ಮ ಸಭೆಯಲ್ಲಿ ಹೇಳ್ಬೇಕು."

"ನಮ್ಮನೆಯವರು," ಎಂದಳು ಹೆಂಡತಿ. "ಒಬ್ಬರೇ."

ಸಾಹೇಬರ ಮುಖ ಕಪ್ಪಿಟ್ಟಿತು. ಆದರೂ ಹಿಡಿ ಬಿಡಲಿಲ್ಲ. "ದುಃಖದಲ್ಲಿ ಮರೆತಿದೀರಿ ಅಮ್ಮಾ. ಇಬ್ರೂ ಸೇರಿ ಅಂತ ಹೇಳಿ."

ಪೆಟ್ಟಿಗೆಗೆ ಕೈ ಕೊಟ್ಟವರೆಲ್ಲ ಎತ್ತದೆ ಬಗ್ಗಿಯೇ ನಿಂತರು.

"ಹೇಳಲ್ಲ," ಎಂದಳು ಅವಳು, ಬೀದಿಗೂ ಕೇಳುವಂತೆ. "ಕೈ ತೆಗೀರಿ. ಹೊರೋಕೆ ಜನ ಇದಾರೆ."