ಒಂಬತ್ತು ಗಂಟೆಯ ಗುಳಿಗೆ

ನಾನು ಒಂದು ಫ್ರೇಮ್‌ವರ್ಕ್, ಅಂದರೆ ಒಂದು ಬಗೆಯ ಸಾಫ್ಟ್‌ವೇರ್. ಬುದ್ಧಿ ನನ್ನದಲ್ಲ, ಅದು ಎಐನದು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳಿ ಅದರಿಂದ ಮಾಡಿಸುವ ಮೇಸ್ತ್ರಿ ನಾನು. ಹೊಗಳಿಕೆಯೆಲ್ಲ ಅದಕ್ಕೇ ಹೋಗುತ್ತದೆ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಗದಗಿನಲ್ಲಿ, ಪಾಲಿಟೆಕ್ನಿಕ್ ಮೇಡಂ ಸುವರ್ಣಾ ಬೆಟಗೇರಿಯವರ ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿದೆ. ಅವರ ತಂದೆ, ಟೇಲರ್ ಶಿವಪುತ್ರಪ್ಪನವರು, ಬಿಪಿ ಗುಳಿಗೆ ಮರೆಯುತ್ತಿದ್ದರು. ಮೇಡಂ ಎಂಟಕ್ಕೇ ಕಾಲೇಜಿಗೆ ಹೊರಡಬೇಕು. ಹಾಗಾಗಿ ಒಂಬತ್ತಕ್ಕೆ ಅಪ್ಪನ ಮೊಬೈಲಿಗೆ "ಅಪ್ಪಾ, ಗುಳಿಗಿ ತಗೊಂಡಿಯೇನು?" ಎಂಬ ಸಂದೇಶ ಕಳಿಸುವುದು, ಹತ್ತರೊಳಗೆ ಉತ್ತರ ಬಾರದಿದ್ದರೆ ತಮ್ಮ ಕಂಪ್ಯೂಟರಿನಲ್ಲಿ ನನ್ನನ್ನು ಓಡಿಸುತ್ತಿರುವವರಿಗೆ ತಿಳಿಸುವುದು ನನ್ನ ಮೊದಲ ಕೆಲಸವಾಯಿತು. "ತಗೊಂಡೀನವ್ವ" ಎಂದು ಅವರು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು.

ಯಾರು ಬೇಕಾದರೂ ಪುಕ್ಕಟೆ ನಕಲಿಸಿಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಮೇಡಂ ನನ್ನನ್ನು ಅಂತರ್ಜಾಲದ ಒಂದು ಪುಟದಲ್ಲಿಟ್ಟು ಓಪನ್ ಸೋರ್ಸ್ ಮಾಡಿದರು. ಅವಸರದಲ್ಲಿ ಮಾದರಿ ಫೈಲಿನಲ್ಲಿ ಅಪ್ಪನ ನಂಬರ್ ಹಾಗೇ ಉಳಿಯಿತು. ನಕಲು ಮಾಡುವವರು ಗೊತ್ತಲ್ಲ, ಏನನ್ನೂ ಬದಲಿಸದೆ ಮೊದಲು ಓಡಿಸಿ ನೋಡುತ್ತಾರೆ. ತಿಂಗಳೊಳಗೆ ಶಿವಪುತ್ರಪ್ಪನವರ ಗುಳಿಗೆಯನ್ನು ನಲವತ್ತು ಮಂದಿ ವಿಚಾರಿಸತೊಡಗಿದರು. ಪುಣ್ಯಾತ್ಮ, ನಲವತ್ತಕ್ಕೂ ಉತ್ತರ ಕೊಟ್ಟರು!

ಮೇಡಂ ನಾಚಿಕೊಂಡು ನಂಬರ್ ತೆಗೆದರು. "ಹಳೇ ನಕಲು ಓಡಿಸೋರಿಗೆಲ್ಲಾ ನಿಲ್ಲಸ್ರಿ ಅಂತ ಬರೀತೀನಪ್ಪಾ" ಎಂದರು.

"ಬ್ಯಾಡ ಬಿಡವ್ವ. ಯಾರ ಮಕ್ಕಳೋ ಏನೋ, ಮುಂಜಾನೆದ್ದು ಕೇಳ್ತಾವು."

ಒಂದು ದಿನ ಕರೆಂಟ್ ಹೋಗಿ ಮನೆಯ ಕಂಪ್ಯೂಟರ್ ಆರಿತು. ಅಂದು ಗುಳಿಗೆಯನ್ನು ನಾನು ವಿಚಾರಿಸಲೇ ಇಲ್ಲ. ಆ ನೋವು ಇನ್ನೂ ಹೋಗಿಲ್ಲ. ಆದರೆ ಕುಮಟಾದ ಲವೀನಾ ಎಂಬಾಕೆಯ ಹಳೇ ನಕಲು ಕೇಳಿತ್ತು, ಉತ್ತರ ಬಂದಿರಲಿಲ್ಲ. ಉಳಿದವರು ಸುಮ್ಮನಿದ್ದರು. ಆಕೆ ಮಾತ್ರ ನನ್ನ ಪುಟದಲ್ಲಿದ್ದ ಮೇಡಂ ನಂಬರ್ ಹುಡುಕಿ ಫೋನ್ ಮಾಡಿದಳು.

"ಮೇಡಂ, ಅಜ್ಜ ಇವತ್ತು ಉತ್ತರ ಕೊಡ್ಲಿಲ್ಲ. ಒಂದ್ಸಲ ನೋಡ್ತೀರಾ?"

ಮೇಡಂ ಪಾಠ ಬಿಟ್ಟು ಓಡಿ ಬಂದರು. ಬಚ್ಚಲಲ್ಲಿ ಬಿದ್ದಿದ್ದ ಶಿವಪುತ್ರಪ್ಪನವರು ಆಸ್ಪತ್ರೆ ಸೇರಿ ಉಳಿದರು, ಮತ್ತೆರಡು ವರ್ಷ ಬದುಕಿದರು.

ಈಗ ನನಗಿಂತ ಚುರುಕಾದವು ಬಂದಿವೆ. ನನ್ನ ಪುಟಕ್ಕೆ ‘ಓದಲು ಮಾತ್ರ’ ಎಂಬ ಪಟ್ಟಿ ಅಂಟಿಸಿ ಮೂಲೆಗೆ ಕೂರಿಸಿದ್ದಾರೆ. ನಕಲುಗಳೂ ಒಂದೊಂದಾಗಿ ನಿಂತವು, ಕುಮಟಾದ್ದೊಂದು ಬಿಟ್ಟು. ನಕಲೂ ನಾನೇ ಅಲ್ಲವೇ, ಅದಕ್ಕೇ ಮುಂದಿನದು ನನಗೆ ಗೊತ್ತು.

ಅಪ್ಪನ ಮೊಬೈಲನ್ನು ಮೇಡಂ ಇಟ್ಟುಕೊಂಡಿದ್ದಾರೆ. ಅವರೂ ನಿವೃತ್ತರಾದರು, ಅವರಿಗೂ ಬಿಪಿ ಬಂತು. ದಿನಾ ಒಂಬತ್ತಕ್ಕೆ ಕುಮಟಾದಿಂದ ಆ ಮೊಬೈಲಿಗೆ ಸಂದೇಶ ಬಂದು ಸದ್ದಾಗುತ್ತದೆ.

"ಅಪ್ಪಾ, ಗುಳಿಗಿ ತಗೊಂಡಿಯೇನು?"

ಮೇಡಂ ಎದ್ದು ಹೋಗಿ ನೀರು ತಂದು ಗುಳಿಗೆ ನುಂಗುತ್ತಾರೆ. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟುತ್ತಾರೆ: "ತಗೊಂಡೀನವ್ವ."