ಶೀನಪ್ಪ ಶೆಟ್ಟರ ಮನೆಯ ಪಿಕ್ಚರ್

ಹೆಣದ ಬಾಯಿಗೆ ತುಳಸಿ ನೀರು ಬಿಡುವಾಗ ಶೀನಪ್ಪ ಶೆಟ್ಟರ ಕೈ ತಪ್ಪಿತು. ನೀರು ತುಟಿಗೆ ಬೀಳದೆ ಗಲ್ಲಕ್ಕೆ ಇಳಿಯಿತು. ದುಃಖದಿಂದ ಕೈ ನಡುಗಿತೆಂದು ಪಕ್ಕದಲ್ಲಿದ್ದವರು ಅಂದುಕೊಂಡರು. ಮಣ್ಣಂಗಟ್ಟಿ. ಶೆಟ್ಟರ ಕಣ್ಣು ಹೆಣದ ಮೇಲೆ ಇರಲೇ ಇಲ್ಲ, ಅಂಗಳದ ಜನರ ಮೇಲಿತ್ತು. ತೆಂಗಿನಕಾಯಿ ಕೀಳುವ ಕೆಲಸದ ನೋಣಯ್ಯ ಎದೆನೋವಿನಲ್ಲಿ ಸತ್ತದ್ದಕ್ಕೆ ಜೆಪ್ಪುವಿನ ಅರ್ಧ ಊರೇ ಬಂದು ನಿಂತಿದೆ. ಸ್ಕೂಟರಿನಲ್ಲಿ ಬಂದವರಿದ್ದಾರೆ, ಇಸ್ತ್ರಿ ಅಂಗಿಯವರಿದ್ದಾರೆ, ಒಬ್ಬ ಡಾಕ್ಟರ್ ಕೂಡ ಇದ್ದಾನೆ. ಶೆಟ್ಟರ ತಂದೆ, ಊರಿಗೇ ದೊಡ್ಡದಾದ ಗುತ್ತಿನ ಮನೆಯ ಯಜಮಾನ, ಸತ್ತಾಗ ಇದರ ಕಾಲುಭಾಗ ಜನ ಇರಲಿಲ್ಲ.

ಶೆಟ್ಟರು ತಂಬಿಗೆ ಕೆಳಗಿಟ್ಟು ಅಂಗಳಕ್ಕೆ ಇಳಿದರು. ಮಲ್ಲಿಗೆ ಗಿಡದ ಹತ್ತಿರ ಬರ್ನಡೆಟ್ ಬಾಯಮ್ಮ ಕರವಸ್ತ್ರದಲ್ಲಿ ಮೂಗು ಒರೆಸುತ್ತ ನಿಂತಿದ್ದಳು. ಪಕ್ಕದಲ್ಲಿ ಮೀನಿನ ವ್ಯಾಪಾರದ ಕಾಸಿಂ ಬ್ಯಾರಿ. ಕಾಸಿಮನ ಮನೆ ಶೆಟ್ಟರ ಮನೆಗೆ ಒಂದೇ ಗೋಡೆ ಆಚೆ.

"ಇನ್ನು ಟಿವಿಯಲ್ಲಿ ಪಿಕ್ಚರ್ ಹೋದ್ರೆ ಯಾರನ್ನು ಕರೆಯುದು ಕಾಸಿಂ?" ಬಾಯಮ್ಮ ಕೇಳಿದಳು. "ಮೊನ್ನೆ ಮಳೆಗೆ ನಮ್ಮ ಆಂಟೆನಾ ತಿರುಗಿದೆ. ಇವತ್ತು ಬರ್ತೇನೆ ಅಂತ ಹೇಳಿದ್ದ, ಪಾಪ."

ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಶೆಟ್ರು ಇದ್ದಾರಲ್ಲ," ಎಂದ ಕಾಸಿಂ.

"ಇದ್ದಾರೆ, ಇದ್ದಾರೆ." ಬಾಯಮ್ಮ ಹಿಂದೆ ನಿಂತ ಶೆಟ್ಟರನ್ನು ನೋಡಿರಲಿಲ್ಲ. "ಅವರು ಬಂದ್ರೆ ಪಿಕ್ಚರ್ ಸಂಜೆ ಬರ್ತದೆ ಅಂತ ಹೇಳಿ ಹೋಗ್ತಾರೆ. ಆ ಸಂಜೆ ನಾನು ಇನ್ನೂ ಕಾಣ್ಲಿಲ್ಲ."

*

ಶೆಟ್ಟರಿಗೂ ನೋಣಯ್ಯನಿಗೂ ನಡುವಿನ ಪೈಪೋಟಿ ಶುರುವಾದದ್ದು ಅದೇ ಬಾಯಮ್ಮನ ಮನೆಯಲ್ಲಿ, ಕದ್ರಿ ಗುಡ್ಡದ ಮೇಲೆ ಟಿವಿಯ ಗೋಪುರ ಎದ್ದ ವರ್ಷ.

ಆಗ ಜೆಪ್ಪುವಿನಲ್ಲಿ ಆಂಟೆನಾ ಹಾಕುವವರು ಅಂದರೆ ಶೀನಪ್ಪ ಶೆಟ್ಟರೊಬ್ಬರೇ. ಬೊಂಬಾಯಿಯಲ್ಲಿ ರೇಡಿಯೋ ಕೆಲಸ ಕಲಿತು ಬಂದವರು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಅಂಗಡಿಯಲ್ಲಿ ತೂಗಿದವರು. ಅವರ ಕಿಸೆಯಲ್ಲಿ ಒಂದು ದಿಕ್ಸೂಚಿ ಇರುತ್ತಿತ್ತು. ಮನೆಯ ಹಂಚಿನ ಮಾಡಿನ ಮೇಲೆ ಹತ್ತಿ ಅದನ್ನು ಅಂಗೈಯಲ್ಲಿಟ್ಟು, ಕದ್ರಿ ಯಾವ ಕಡೆ ಎಂದು ನೋಡಿ, ಆಂಟೆನಾದ ಮುಖವನ್ನು ಆ ಕಡೆಗೆ ಗೂಟ ಹೊಡೆದ ಹಾಗೆ ನಿಲ್ಲಿಸುತ್ತಿದ್ದರು. ಅದು ಸರಿಯಾದ ಕೆಲಸವೇ. ಆದರೆ ಬಾಯಮ್ಮನ ಮನೆ ತಗ್ಗಿನಲ್ಲಿ, ಕದ್ರಿಗೂ ಅದಕ್ಕೂ ನಡುವೆ ದೊಡ್ಡ ದಿಣ್ಣೆ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಗುದ್ದಾಡಿದರೂ ವಾರ್ತೆ ಓದುವವಳಿಗೆ ಎರಡು ಮೂಗು, ಮೂರು ಕಿವಿ.

ಅಂಗಳದ ತೆಂಗಿನ ಮರದಲ್ಲಿ ನೋಣಯ್ಯ ಕಾಯಿ ಕೀಳುತ್ತಿದ್ದ. ಮರದ ತುದಿಯಿಂದಲೇ ಕೇಳಿದ, "ಶೆಟ್ರೇ, ಆ ಹಂಚಿನ ಕಾರ್ಖಾನೆಯ ಕಬ್ಬಿಣದ ಟ್ಯಾಂಕಿ ಕಡೆಗೊಮ್ಮೆ ತಿರುಗಿಸಿ ನೋಡುವನಾ?"

"ಟ್ಯಾಂಕಿಯಲ್ಲಿ ಎಂತ ಉಂಟು, ನಿನ್ನ ಮಾವನ ಮನೆಯಾ? ಟವರ್ ಇರುದು ಕದ್ರಿಯಲ್ಲಿ."

"ಇಲ್ಲಿಂದ ಎಲ್ಲ ಕಾಣ್ತದೆ ಶೆಟ್ರೇ. ಕದ್ರಿಗೆ ದಿಣ್ಣೆ ಅಡ್ಡ ಉಂಟು. ಟ್ಯಾಂಕಿಗೆ ಅಡ್ಡ ಇಲ್ಲ, ಅದಕ್ಕೆ ಕದ್ರಿಯೂ ಕಾಣ್ತದೆ, ನಾವೂ ಕಾಣ್ತೇವೆ. ಪಿಕ್ಚರ್ ಅಲ್ಲಿಗೆ ಹೋಗಿ ಬಡಿದು ಇಲ್ಲಿಗೆ ಬರ್ಲಿಕ್ಕೂ ಸಾಕು."

ಶೆಟ್ಟರು ನಕ್ಕರು. ನಗು ಮುಗಿಯುವ ಮೊದಲೇ ನೋಣಯ್ಯ ಮರ ಇಳಿದು ಮಾಡು ಹತ್ತಿ, ಆಂಟೆನಾದ ಕೋಲನ್ನು ಒಂದು ಸುತ್ತು ತಿರುಗಿಸಿದ್ದ. ಒಳಗೆ ವಾರ್ತೆ ಓದುವವಳಿಗೆ ಒಂದೇ ಮೂಗು ಉಳಿಯಿತು. ಮೂಗುಬೊಟ್ಟಿನ ಹರಳು ಕೂಡ ಕಂಡಿತು.

ಆಮೇಲೆ ತಗ್ಗಿನ ಮನೆಗಳೆಲ್ಲ ನೋಣಯ್ಯನವೇ ಆದವು. ಅವನ ಕೆಲಸದ ರೀತಿಯೇ ಬೇರೆ. ಮೊದಲು ಆ ಮನೆಯ ತೆಂಗಿನ ಮರ ಹತ್ತಿ ಸುತ್ತ ನೋಡುತ್ತಿದ್ದ, ಆಮೇಲೆ ಮಾಡು. ಮರ ಇಳಿಯುವಾಗ ನಾಲ್ಕು ಎಳನೀರು ಕೂಡ ಬೀಳುತ್ತಿತ್ತು. ದಿಕ್ಸೂಚಿಯ ಶೆಟ್ಟರಿಗೆ ಉಳಿದದ್ದು ಎತ್ತರದಲ್ಲಿದ್ದ ಹತ್ತು ಹನ್ನೆರಡು ಮನೆ, ಮತ್ತೆ ಒಂದು ಸಮಾಧಾನ. ಅವರ ಮನೆಯೂ ತಗ್ಗಿನಲ್ಲೇ ಇತ್ತು, ಆದರೂ ಅವರ ಮನೆಯ ಪಿಕ್ಚರಿನಷ್ಟು ಚಂದದ ಪಿಕ್ಚರ್ ಇಡೀ ಜೆಪ್ಪುವಿನಲ್ಲಿ ಇರಲಿಲ್ಲ.

*

ಬಾಯಮ್ಮನ ಮಾತು ಶೆಟ್ಟರಿಗೆ ಚುಚ್ಚಿತು. ಸಾವಿನ ಮನೆ ಎಂದು ಸುಮ್ಮನಿರುವ ಜಾತಿ ಅವರದ್ದಲ್ಲ.

"ಬಾಯಮ್ಮ," ಎಂದರು. ಅವಳು ಬೆಚ್ಚಿ ತಿರುಗಿದಳು. "ನಮ್ಮ ಮನೆಯ ಪಿಕ್ಚರ್ ನೋಡಿದ್ದೀರಲ್ಲ? ಭಾನುವಾರದ ಸಿನಿಮಾಕ್ಕೆ ನೀವೇ ಚಾಪೆ ಹಿಡ್ಕೊಂಡು ಬರ್ತೀರಿ. ಅದು ಯಾರು ಹಾಕಿದ್ದು? ಮರ ಹತ್ತಿ ಹಾಕಿದ್ದಾ, ಕಲಿತು ಹಾಕಿದ್ದಾ?"

ಬಾಯಮ್ಮ ಕರವಸ್ತ್ರವನ್ನು ಮತ್ತೆ ಮೂಗಿಗೆ ಒತ್ತಿಕೊಂಡಳು. ಕಾಸಿಮನೇ ಬಾಯಿ ಬಿಟ್ಟ. ಅವನಲ್ಲಿ ಕೆಟ್ಟ ಮನಸ್ಸಿರಲಿಲ್ಲ, ಶೆಟ್ಟರಿಗೆ ಗೊತ್ತಿದೆ ಎಂದೇ ತಿಳಿದಿದ್ದ.

"ಅದು ಕೂಡ ನೋಣಯ್ಯನದ್ದೇ ಅಲ್ಲವಾ ಶೆಟ್ರೇ? ಪ್ರತಿ ಭಾನುವಾರ ನೀವು ಅಂಗಡಿಗೆ ಹೋದ ಮೇಲೆ ಬರ್ತಿದ್ದ. ಏಣಿ ನಮ್ಮ ಮನೇದು."

ಅಷ್ಟರಲ್ಲಿ ಹೆಣ ಎತ್ತಿದರು. ನೋಣಯ್ಯನ ಹೆಂಡತಿ ಕಿನ್ನಿ ಬಾಗಿಲಿನವರೆಗೆ ಓಡಿ ಬಂದು ಕುಸಿದಳು. ಹಿಡಿದುಕೊಂಡವಳು ಶೆಟ್ಟರ ಹೆಂಡತಿ ಜಲಜಾಕ್ಷಿ. ಅವಳೂ ಅಳುತ್ತಿದ್ದಳು. ಆ ಅಳುವನ್ನು ಶೆಟ್ಟರು ನಿಂತು ನೋಡಿದರು. ತನಗೆ ಟೈಫಾಯಿಡ್ ಬಂದಾಗ ಇವಳು ಇಷ್ಟು ಅತ್ತಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಚಟ್ಟಕ್ಕೆ ಹೆಗಲು ಕೊಡಲು ಯಾರೋ ಕರೆದರು. ಅವರು ಹೋಗಲಿಲ್ಲ. ಸುಡುವಲ್ಲಿಗೂ ಹೋಗಲಿಲ್ಲ.

*

ಜಲಜಾಕ್ಷಿ ಮನೆಗೆ ಬಂದು ಬಾವಿಕಟ್ಟೆಯಲ್ಲಿ ಮಿಂದು ಮುಗಿಸುವ ತನಕ ಅವರು ಜಗಲಿಯಲ್ಲಿ ಕಾದರು.

"ಎಷ್ಟು ವರ್ಷದಿಂದ?"

ಯಾವುದು ಎಂದು ಅವಳು ಕೇಳಲಿಲ್ಲ. ಸೀರೆಯ ನೀರು ಹಿಂಡುತ್ತ ಹೇಳಿದಳು, "ಟಿವಿ ಬಂದ ಮಾರನೇ ವಾರದಿಂದ."

"ಕಾಗೆ ಕೂತು ಆಂಟೆನಾ ತಿರುಗುದು ಅಂತ ನೀನೇ ಹೇಳಿದ್ದಲ್ಲವಾ?"

"ಮತ್ತೆ ಎಂತ ಹೇಳುದು? ನೀವು ಭಾನುವಾರ ಬೆಳಗ್ಗೆ ಹತ್ತಿ ಕದ್ರಿ ಕಡೆ ತಿರುಗಿಸ್ತೀರಿ. ಪಿಕ್ಚರ್ ಹೋಗ್ತದೆ. ಸಂಜೆ ಬರ್ತದೆ, ಗಾಳಿ ತಂಪಾದ ಮೇಲೆ ಬರ್ತದೆ ಅಂತ ಹೇಳಿ ಅಂಗಡಿಗೆ ಹೋಗ್ತೀರಿ. ಸಂಜೆ ಬರ್ಬೇಕಲ್ಲ. ಸಿನಿಮಾಕ್ಕೆ ಬಂದವರೆದುರು ನಿಮ್ಮ ಸೋತ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಅವನು ನಗ್ತಿದ್ದನಾ?"

"ಇಲ್ಲ."

"ಸುಳ್ಳು ಹೇಳ್ಬೇಡ. ನಕ್ಕಿರ್ತಾನೆ."

"ಕೋಲಿಗೆ ನೀವು ಹಾಕಿದ ಹಗ್ಗದ ಗಂಟು ಬಿಚ್ಚಿ, ತಿರುಗಿಸಿ, ಪುನಃ ನಿಮ್ಮದೇ ಹಾಗೆ ಗಂಟು ಹಾಕ್ತಿದ್ದ. ಶೆಟ್ರಿಗೆ ಗೊತ್ತಾಗ್ಬಾರ್ದು ಅಕ್ಕ, ಅವರು ಕಲಿತವರು, ಬೇಜಾರು ಮಾಡ್ಕೊಳ್ತಾರೆ ಅಂತ ಹೇಳ್ತಿದ್ದ. ಒಂದು ಚಾ ಕುಡಿದು ಹೋಗ್ತಿದ್ದ."

ನಕ್ಕಿದ್ದರೆ ಶೆಟ್ಟರು ಅವನನ್ನು ಆ ಸಂಜೆಯೇ ಮರೆಯುತ್ತಿದ್ದರೇನೋ. ಬಾವಿಕಟ್ಟೆಗೆ ಹೋಗಿ ನಾಲ್ಕು ಕೊಡ ನೀರು ತಲೆಗೆ ಸುರಿದುಕೊಂಡರು. ಒದ್ದೆ ಪಂಚೆಯಲ್ಲೇ, ಏಣಿ ಇಲ್ಲದೆ, ಹಿತ್ತಿಲ ಪೇರಳೆ ಮರ ಹಿಡಿದು ಮಾಡು ಹತ್ತಿದರು. ಒಂದು ಹಂಚು ಕಾಲಡಿಯಲ್ಲಿ ಒಡೆಯಿತು. ಐವತ್ತೆಂಟು ವರ್ಷದ ಮನುಷ್ಯ.

ಮೇಲಿನಿಂದ ನೋಡಿದರೆ ತಗ್ಗಿನ ಅಷ್ಟೂ ಮನೆಗಳ ಆಂಟೆನಾಗಳು ಕಾರ್ಖಾನೆಯ ಟ್ಯಾಂಕಿಯ ಕಡೆಗೆ ಮುಖ ಮಾಡಿ ನಿಂತಿದ್ದವು. ಅವರದ್ದೂ; ಈ ಭಾನುವಾರ ಸಾವಿನ ಗಡಿಬಿಡಿಯಲ್ಲಿ ಬೆಳಗ್ಗೆ ಹತ್ತಿ ತಿರುಗಿಸಲು ಆಗಿರಲಿಲ್ಲ. ಶೆಟ್ಟರು ಗಂಟು ಮುಟ್ಟಿ ನೋಡಿದರು. ತಾನೇ ಹಾಕಿದ್ದು ಎಂದು ಆಣೆ ಹಾಕಿ ಹೇಳಬಹುದಿತ್ತು, ಅಷ್ಟು ಹಾಗೇ ಇತ್ತು. ಉಗುರು ಹಾಕಿ ಬಿಚ್ಚಿದರು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕದ್ರಿಯ ಕಡೆಗೆ ತಿರುಗಿಸಿದರು.

"ಟಿವಿ ಹಾಕು," ಎಂದು ಕೂಗಿದರು.

ಒಳಗೆ ಬಟನ್ ಒತ್ತಿದ ಸದ್ದು. ಸಿನಿಮಾ ಶುರುವಾಗುವ ಹೊತ್ತು.

"ಬಂತಾ?"

"ಇಲ್ಲ."

ಒಂದು ಬೆರಳಿನಷ್ಟು ಸರಿಸಿದರು. "ಈಗ?"

"ಇಲ್ಲ. ಇಳಿದು ಬನ್ನಿ, ಕತ್ತಲಾಗ್ತದೆ."

"ಬಂತಾ ಅಂತ ಕೇಳಿದ್ದು ನಾನು."

ಅವರು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಟ್ಯಾಂಕಿಯ ಕಡೆಗೆ ಮಾತ್ರ ತಿರುಗಿಸಲಿಲ್ಲ. ಪಂಚೆಯ ನೀರು ಕಾಲಿಗಿಳಿದು ಹಂಚಿನ ಮೇಲೆ ಹರಿಯುತ್ತಿತ್ತು.

"ಈಗ ಬಂತಾ ಜಲಜಾ?"

ಒಳಗೆ ಚಾಪೆ ಹಾಸಿದ ಸದ್ದು ಕೇಳಿತು.

"ಬಂತು," ಎಂದಳು ಜಲಜಾಕ್ಷಿ. "ಚಂದ ಬಂತು. ಹಾಗೆಯೇ ಕಟ್ಟಿ."

ಶೆಟ್ಟರು ಗಟ್ಟಿ ಗಂಟು ಹಾಕಿ, ಪೇರಳೆ ಮರ ಹಿಡಿದು ಜಾಗ್ರತೆಯಲ್ಲಿ ಇಳಿದು ಒಳಗೆ ಬಂದರು. ಪರದೆಯ ತುಂಬ ಬಿಳಿ ಕಪ್ಪು ಚುಕ್ಕೆಗಳು ಅಕ್ಕಿ ಕುದಿದ ಹಾಗೆ ಕುದಿಯುತ್ತಿದ್ದವು. ಜಲಜಾಕ್ಷಿ ಅದರೆದುರು ಚಾಪೆಯಲ್ಲಿ ಕಾಲು ಮಡಚಿ ಕೂತು, ಕಣ್ಣು ಕದಲಿಸದೆ ನೋಡುತ್ತಿದ್ದಳು. ಗಂಡ ಬಂದದ್ದು ಕಂಡು ಸ್ವಲ್ಪ ಸರಿದು ಕೂತಳು.