ಉಳಿದ ಒಂದೇ ಸಹಿ

ಪಾರವ್ವ ಬಲಕ್ಕೆ ವಾಲುತ್ತಿದ್ದಳು. ಗೋಡೆಗೆ ಆನಿಸಿ ಕೂರಿಸಿ, ಕಿಟಕಿಯ ಸರಳಿಗೆ ಪಂಚೆ ಬಿಗಿದಿದ್ದರೂ ದೇಹ ಮೆಲ್ಲಗೆ ಜಾರಿ ಪಕ್ಕದಲ್ಲಿದ್ದ ಇಂದುವಿನ ಭುಜಕ್ಕೆ ಒರಗುತ್ತಿತ್ತು. ಪ್ರತಿ ಸಲವೂ ಇಂದು ಬೆಚ್ಚುತ್ತಿದ್ದಳು.

"ಬೆನ್ನಿಗೆ ಏನರೆ ಕೊಡ್ರವಾ," ಎಂದ ಚನ್ನಪ್ಪ. ಹೆಂಡತಿಯನ್ನು ಮುಟ್ಟಲು ಅವನ ಕೈ ಮುಂದೆ ಬರುತ್ತಿರಲಿಲ್ಲ.

ಪಾರವ್ವನ ಜೊತೆ ರೊಟ್ಟಿ ಬಡಿಯುತ್ತಿದ್ದ ದಿಲ್ಶಾದ್ ಒಳಗೆ ಹೋಗಿ ಜೋಳದ ಹಿಟ್ಟಿನ ಖಾಲಿ ಚೀಲಗಳನ್ನು ಸುತ್ತಿ ತಂದು ಹಿಂದೆ ತುರುಕಿದಳು. ಪಾರವ್ವ ನೆಟ್ಟಗೆ ಕೂತಳು. ಅವರ ಕಡೆ ಹೀಗೆ ಕೂರಿಸಿಯೇ ಮಣ್ಣು ಮಾಡುವುದು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ. ಈಗಲೇ ಎದ್ದು "ಹಂಚು ಕಾದೈತಿ, ಬರ್ರೆ" ಎನ್ನುವಂತಿದ್ದಳು.

ಗಂಟೆ ಹತ್ತಾಗಿತ್ತು. ಸಹಕಾರನಗರದ ಹಿಂದೆ, ರೈಲು ಹಳಿಗೆ ತಾಗಿಕೊಂಡಿರುವ ಆ ಓಣಿಯಲ್ಲಿ ಅಂದು ಯಾರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ಬಂದವರು ಕೈಮುಗಿದು, ಒಮ್ಮೆ ಬೀದಿಯ ಆ ತುದಿಯ ಶೆಡ್ಡಿನ ಕಡೆ ನೋಡಿ ತಲೆ ತಗ್ಗಿಸುತ್ತಿದ್ದರು.

"ಹೆದರ್ಕೊಂಡೇ ಹೋದ್ಲು, ಪಾಪ," ಎಂದಳು ಹಿಂದಿನ ಸಾಲಿನ ಹೆಂಗಸೊಬ್ಬಳು.

"ಡಾಕ್ಟ್ರು ಹಾರ್ಟು ಅಂದ್ರಲ್ಲ?"

"ಹಾರ್ಟು ಸುಮ್ ಸುಮ್ನೆ ನಿಲ್ಲುತ್ತೇನೇ?"

ಹಿಂದಿನ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು "ಎದಿ ಹಿಡದಂಗಾತು" ಎಂದು ಕೂತಿದ್ದಳು. ಆಟೋ ಹೆಬ್ಬಾಳದ ಸೇತುವೆ ಹತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಂದು ದಿಲ್ಶಾದಳ ಕಿವಿಯ ಹತ್ತಿರ ಬಂದಳು. ರೊಟ್ಟಿ ಆರ್ಡರಿನ ಫೋನು ನೋಡಿಕೊಳ್ಳುವವಳು ಅವಳೇ. "ಅಕ್ಕಾ, ಆಫೀಸಿಂದ ಮತ್ತೆ ಮೆಸೇಜ್ ಬಂತು. ಹನ್ನೆರಡಕ್ಕೆ ನೀರಿನ ಸ್ಯಾಂಪಲ್ ತಗೊಳ್ಳೋಕೆ ಬರ್ತಾರಂತೆ. ಕಂಪ್ಲೇಂಟ್ ಕೊಟ್ಟೋರು ಎದುರಿಗೆ ಇರ್ಲೇಬೇಕಂತೆ. ಏನ್ ಹೇಳ್ಲಿ?"

ದಿಲ್ಶಾದ್ ಪಾರವ್ವನ ಕಡೆ ನೋಡಿದಳು. ಕಂಪ್ಲೇಂಟ್ ಕೊಟ್ಟವಳು ಎದುರಿಗೇ ಕಣ್ಣು ಮುಚ್ಚಿ ಕೂತಿದ್ದಳು.

*

ಪಾರವ್ವ ಹುನಗುಂದದ ಕಡೆಯವಳು. ಯಲಹಂಕದ ಕಾಲೇಜೊಂದರಲ್ಲಿ ಗಂಡನಿಗೆ ವಾಚ್‌ಮನ್ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದಿದ್ದಳು. ಒಂದು ಹಂಚು ಇಟ್ಟುಕೊಂಡು, ಹಾಸ್ಟೆಲಿನಲ್ಲಿದ್ದ ತನ್ನ ಊರ ಕಡೆಯ ಹುಡುಗರಿಗೆ ರೊಟ್ಟಿ ಕಳಿಸಲು ಶುರುಮಾಡಿದಳು. ಏಳು ವರ್ಷದಲ್ಲಿ ಏಳು ಹಂಚು, ಅವಳೂ ಸೇರಿ ಏಳು ಹೆಂಗಸರು. ಎಲ್ಲರೂ ಸಮ ಪಾಲುದಾರರು. "ಸಂಬಳ ಕೊಟ್ರ ನಾ ಸಾಹುಕಾರ್ತಿ ಆಕ್ಕೀನಿ. ಆ ಸುಡಗಾಡು ನನಗ ಬ್ಯಾಡ," ಎನ್ನುತ್ತಿದ್ದಳು.

ಗಂಡ ಬಿಟ್ಟುಹೋಗಿದ್ದ ದಿಲ್ಶಾದ್ ಮಗಳು ರುಮಾನಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆಲಸ ಕೇಳಲು ಬಂದಾಗ, "ನನ್ ಕೈಯಿಂದ ಬಡಿದ್ರೆ ಜನ ತಿಂತಾರಾ?" ಎಂದು ಕೇಳಿದ್ದಳು. ಒಂದು ಮನೆಯವರು ತಿನ್ನುವುದಿಲ್ಲ ಎಂದರು. ಪಾರವ್ವ ಫೋನಿನಲ್ಲೇ ಹೇಳಿದಳು: "ರೊಟ್ಟಿ ಬ್ಯಾಡಾದ್ರ ಬಿಡ್ರಿ. ಬಡಿಯಾಕಿ ಮಾತ್ರ ಆಕಿನ."

ಹೋದ ಬೇಸಿಗೆಯಲ್ಲಿ ನಾದಿದ ಹಿಟ್ಟು ತುಸು ಹಸಿರಾಯಿತು. ಓಣಿಯ ಬೋರ್‌ವೆಲ್ ನೀರಿಗೆ ತುಕ್ಕಿನಂಥ ವಾಸನೆ ಬಂತು. ರುಮಾನಾಳ ಕೈಗಳ ಮೇಲೆ ಹುಣ್ಣು ಎದ್ದವು. ಶೆಡ್ಡಿನಲ್ಲಿ ನಲ್ಲಿ, ಹ್ಯಾಂಡಲ್ಲುಗಳಿಗೆ ಹೊಳಪು ಹಾಕಿ ತೊಳೆದ ನೀರನ್ನು ಹಿಂದಿನ ಹಾಳು ಬಾವಿಗೆ ಬಿಡುವುದು ಎಲ್ಲರಿಗೂ ಗೊತ್ತಿತ್ತು. ಶೆಡ್ಡು ವಿಜಯ್ ಕುಮಾರನದು. ಓಣಿಯ ಅರ್ಧ ಮನೆಗಳೂ ಅವನವೇ. ಅವನ ತಾತನ ಕಾಲದಲ್ಲಿ ಅದೆಲ್ಲ ಅವರ ರಾಗಿ ಹೊಲ.

ಪಾರವ್ವ ಅಂದೇ ಆ ನೀರಿನ ರೊಟ್ಟಿ ನಿಲ್ಲಿಸಿ, ಹಿಟ್ಟಿಗೆ ಟ್ಯಾಂಕರ್ ನೀರು ಹಾಕಿಸಿಕೊಂಡಳು. ಬಾಟಲಿಯಲ್ಲಿ ನೀರು ತುಂಬಿಕೊಂಡು ದಿಲ್ಶಾದಳನ್ನು ಕರೆದುಕೊಂಡು ಮಾಲಿನ್ಯ ನಿಯಂತ್ರಣದ ಸರ್ಕಾರಿ ಆಫೀಸಿಗೆ ಹೊರಟಳು. ಮೆಟ್ಟಿಲು ಹತ್ತುವಾಗ ಅವಳ ಅಂಗೈ ಬೆವರಿ ಒದ್ದೆಯಾಗಿತ್ತು. ಎರಡು ಸಲ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು.

"ಪಾರಕ್ಕಾ, ನಿಂಗೂ ಹೆದ್ರಿಕೆ ಆಗುತ್ತಾ?"

"ಆಗಲ್ದೇನ? ಕಾಲಾಗ ಶಕ್ತಿನ ಇಲ್ಲ. ನೀ ಕೈ ಬಿಡಬ್ಯಾಡ."

ಒಳಗಿದ್ದವರು, ಬರಹದಲ್ಲಿ ಕೊಡಿ, ಓಣಿಯವರೆಲ್ಲ ಸಹಿ ಹಾಕಿ, ಎಂದರು. ಇಂದು ಬರೆದಳು. ಹದಿನಾಲ್ಕು ಜನ ಸಹಿ ಹಾಕಿದರು.

ಮಾರನೆಯ ದಿನ ಹೆಲ್ಮೆಟ್ ತೆಗೆಯದ ಇಬ್ಬರು ದಿಲ್ಶಾದಳ ಬಾಗಿಲಲ್ಲಿ ನಿಂತಿದ್ದರು. "ಮಗಳು ರುಮಾನಾ ಅಲ್ವಾ? ಮೂರೂವರೆಗೆ ಸ್ಕೂಲ್ ಬಿಡುತ್ತೆ ಅಲ್ವಾ?" ಅಷ್ಟೇ ಕೇಳಿ ಹೋದರು.

ಅವಳು ಓಡುತ್ತಾ ಹೋಗಿ, "ಅಕ್ಕಾ, ನನ್ ಹೆಸ್ರು ತೆಗ್ದಾಕು," ಎಂದಳು. ಪಾರವ್ವ ಬೈಯಲಿಲ್ಲ. ಪೆನ್ನು ತಂದು, ಹೆಸರಿನ ಮೇಲೆ ಗೆರೆ ಎಳೆದು, "ಕೂಸಿನ ಕಡೆ ನೋಡ್ಕೊ," ಎಂದಳು. ವಾರದೊಳಗೆ ಇನ್ನೂ ಹನ್ನೆರಡು ಹೆಸರು ಹೋದವು. ಇಂದುವಿನದೂ ಹೋಯಿತು. ಉಳಿದ ಒಂದೇ ಸಹಿಯ ಕಾಗದ ಹಿಡಿದು ಪಾರವ್ವ ಎರಡನೆಯ ಸಲ ಆ ಮೆಟ್ಟಿಲು ಹತ್ತಿದಳು. ಒಬ್ಬಳೇ.

*

ಹನ್ನೊಂದು ಗಂಟೆಗೆ ವಿಜಯ್ ಕುಮಾರ್ ಬಂದ. ಜನ ಎದ್ದು ದಾರಿ ಬಿಟ್ಟರು. ಚಪ್ಪಲಿ ಕಳಚಿ, ದೊಡ್ಡ ಗುಲಾಬಿ ಹಾರ ಹಾಕಿ, ಚನ್ನಪ್ಪನ ಹೆಗಲ ಮೇಲೆ ಕೈಯಿಟ್ಟ.

"ಒಳ್ಳೇ ಹೆಂಗಸು ಕಣ್ರೀ. ಗಾಡಿ ನಾನೇ ಹೇಳಿದ್ದೀನಿ, ದೊಡ್ಡ ಗಾಡಿ. ಹನ್ನೊಂದೂವರೆಗೆ ಹೊರಟುಬಿಡಿ. ಹೆಂಗಸ್ರೂ ಹೋಗ್ಲಿ. ಓಣೀಲಿ ಒಬ್ಬರೂ ಉಳಿಯೋದು ಬೇಡ."

ಚನ್ನಪ್ಪ ಕೈಮುಗಿದ. ದಿಲ್ಶಾದ್ ಇಂದುವಿನ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. ಹನ್ನೆರಡಕ್ಕೆ ಓಣಿ ಖಾಲಿ ಇರಬೇಕಿತ್ತು ಅವನಿಗೆ.

ಹೋಗುವಾಗ ವಿಜಯ್ ಕುಮಾರ್ ಅವಳ ಮುಂದೆ ನಿಂತ. "ಮಗಳು ಹೇಗಿದ್ದಾಳಮ್ಮಾ? ಕೈ ವಾಸಿ ಆಯ್ತಾ?"

"ಆಯ್ತು ಸಾರ್."

"ಹುಷಾರಾಗಿ ನೋಡ್ಕೊಳ್ಳಿ."

ಅವನ ದನಿಯಲ್ಲಿ ಕರುಣೆಯಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ರುಮಾನಾಳನ್ನು ಬೆಳಿಗ್ಗೆಯೇ ಗಂಗಾನಗರದ ಅಕ್ಕನ ಮನೆಗೆ ಬಿಟ್ಟು ಬಂದಿದ್ದಳು. ಇವನಿಗೆ ಆ ಮನೆಯೂ ಗೊತ್ತಿರಬಹುದೇ? ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದಳು. ಮಗಳು ಟಿವಿ ನೋಡುತ್ತಿದ್ದಾಳೆ ಎಂದು ತಿಳಿದ ಮೇಲೂ ಬಾಗಿಲು ಹಾಕಿಕೋ, ಚಿಲಕ ಹಾಕಿಕೋ ಎಂದು ಮತ್ತೆ ಮತ್ತೆ ಹೇಳಿದಳು.

ಪಾರವ್ವನನ್ನು ಕುರ್ಚಿಯಲ್ಲಿ ಕೂರಿಸಿ ಗಾಡಿಗೆ ಏರಿಸಿದರು. ಹೆಂಗಸರು ಎರಡೂ ಬದಿಯ ಬೆಂಚಿನಲ್ಲಿ ಕೂತರು. ಎಂಜಿನ್ ಶುರುವಾಯಿತು. ದಿಲ್ಶಾದ್ ಧಡಕ್ಕನೆ ಕೆಳಗಿಳಿದಳು.

"ಏನಾತವಾ?" ಎಂದ ಚನ್ನಪ್ಪ.

"ಫೋನು... ಮರೆತು ಬಂದೆ, ಮಾಮಾ."

ಫೋನು ಅವಳ ಕೈಯಲ್ಲೇ ಇತ್ತು. ಚನ್ನಪ್ಪ ಅದನ್ನು ನೋಡಿದ. ಶೆಡ್ಡಿನ ಕಡೆಗೂ ನೋಡಿದ. "ಹೋಗಿ ಬಾ," ಎಂದ ಬಹಳ ಸಣ್ಣ ದನಿಯಲ್ಲಿ. "ಆಕಿಗೆ ಮಣ್ಣು ಕೊಡಾಕ ನಾವದೀವಿ."

*

ಶೆಡ್ಡಿನ ಹಿಂದಿನ ಕಾಂಪೌಂಡಿಗೆ ಬೆನ್ನು ಒತ್ತಿ ದಿಲ್ಶಾದ್ ನಿಂತಿದ್ದಳು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಗೋಡೆಯಾಚೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಕಂಪ್ಲೇಂಟ್ ಕೊಟ್ಟೋರು ತೀರ್ಕೊಂಡ್ರು ಮೇಡಂ. ಇವತ್ತೇ ಮಣ್ಣು," ಎನ್ನುತ್ತಿದ್ದ ಶೆಡ್ಡಿನ ಮ್ಯಾನೇಜರ್ ಗಿರಿ. "ಬೇರೆಯವರಿಗೆ ಏನೂ ತೊಂದ್ರೆ ಇಲ್ಲ. ಬೇಕಾದ್ರೆ ಓಣೀಲಿ ಕೇಳಿ."

"ಓಣೀಲಿ ಯಾರಿದ್ದಾರ್ರೀ ಕೇಳೋಕೆ?" ಹೆಣ್ಣು ದನಿ. "ಸರಿ, ದೂರುದಾರರು ಹಾಜರಿಲ್ಲ ಅಂತ ಬರ್ಕೊಳ್ತೀನಿ."

ಫೈಲು ಮುಚ್ಚಿದ ಸದ್ದು. ದಿಲ್ಶಾದ್ ಮುಖ್ಯರಸ್ತೆಗೆ ಓಡಿ ಆಟೋ ಹಿಡಿದರೆ ಮಣ್ಣಿನ ಹೊತ್ತಿಗೆ ಸೇರಿಕೊಳ್ಳಬಹುದಿತ್ತು. ಯಾರೂ ಅವಳನ್ನು ನೋಡಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಒಂದು ಹೆಜ್ಜೆ ಆ ಕಡೆಗೇ ಇಟ್ಟಳು. ಆಮೇಲೆ ಹೇಗೋ ಶೆಡ್ಡಿನ ಗೇಟಿನ ಒಳಗಿದ್ದಳು.

"ಮೇಡಂ, ನಾನಿದೀನಿ."

ಗಿರಿ ತಿರುಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ಅವನು ಜೇಬಿನಿಂದ ಫೋನು ತೆಗೆದು ದೂರ ಹೋದ.

ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದಳು. "ಹೆಸರು?"

"ದಿಲ್ಶಾದ್."

"ಮೂರನೇದು ನಿಮ್ಮದೇ ತಾನೆ? ಹೊಡೆದುಹಾಕಿದೆಯಲ್ಲ?"

"ಹೌದು ಮೇಡಂ. ಹೆದರ್ಕೊಂಡು ಹೊಡೆಸಿದ್ದೆ."

"ಈಗ ಹೆದರಿಕೆ ಇಲ್ವಾ?"

"ಇದೆ."

ಅಧಿಕಾರಿ ಆ ಹೆಸರಿನ ಪಕ್ಕ ಒಂದು ಗುರುತು ಹಾಕಿಕೊಂಡಳು. ಬಳಿಕ ಜೊತೆಗಿದ್ದವನಿಗೆ, "ಬಾವೀದು ಒಂದು, ಬೋರ್‌ವೆಲ್ ಇಂದ ಒಂದು. ಎರಡೂ ತುಂಬ್ಕೊಳ್ಳಿ," ಎಂದಳು. ಬಾವಿಯಿಂದ ಮೇಲೆ ಬಂದ ನೀರು ಗಾಜಿನಲ್ಲಿ ಗಿಣಿಯ ಬಣ್ಣಕ್ಕಿತ್ತು. ಮಹಜರಿನ ಕೆಳಗೆ ದಿಲ್ಶಾದ್ ಸಹಿ ಹಾಕಿದಳು. ಕೊನೆಯ ಅಕ್ಷರ ಗೆರೆಯ ಕೆಳಗೆ ಜಾರಿತು.

"ಮೇಡಂ, ಇನ್ನು ಅವ್ರು ಏನಾದ್ರೂ ಮಾಡಿದ್ರೆ?"

"ಪೊಲೀಸ್ ಸ್ಟೇಷನ್ನಿಗೆ ಹೋಗಿ," ಎಂದಳು ಅಧಿಕಾರಿ. ತಾನು ಹೇಳಿದ್ದರಲ್ಲಿ ತನಗೇ ನಂಬಿಕೆಯಿಲ್ಲದವಳಂತೆ ಬಾಟಲಿಗಳಿಗೆ ಅರಗು ಹಾಕತೊಡಗಿದಳು.

*

ದಿಲ್ಶಾದ್ ರುದ್ರಭೂಮಿ ತಲುಪುವಷ್ಟರಲ್ಲಿ ಗುಂಡಿ ಮುಚ್ಚಿತ್ತು. ಮಣ್ಣಿನ ಮೇಲೆ ಬಿಲ್ವದೆಲೆ ಹರಡಿದ್ದರು. ಚನ್ನಪ್ಪ ಮಂಡಿಯೂರಿ ಕೂತು ಈಗ ಬಾಯಿಬಿಟ್ಟು ಅಳುತ್ತಿದ್ದ. ದಿಲ್ಶಾದ್ ಒಂದು ಹಿಡಿ ಮಣ್ಣು ಹಾಕಿ ಹೆಂಗಸರ ನಡುವೆ ಬಂದು ನಿಂತಳು.

"ಸಹಿ ಹಾಕಿದ್ಯಾ?" ಎಂದು ಇಂದು ಪಿಸುಗುಟ್ಟಿದಳು.

"ಹೂಂ."

ಇಂದುವಿನ ಮುಖ ಬಿಳಿಚಿಕೊಂಡಿತು. ಅವಳು ಪಕ್ಕದವಳಿಗೆ ಹೇಳಿದಳು, ಅವಳು ಅದರಾಚೆಯವಳಿಗೆ. ಯಾರೂ ಭೇಷ್ ಎನ್ನಲಿಲ್ಲ. ಒಬ್ಬಳು ಮಾತ್ರ, "ಅಯ್ಯೋ ದೇವ್ರೇ," ಎಂದಳು.

ವಿಜಯ್ ಕುಮಾರನ ಗಾಡಿ ಕಾಯದೆ ಹೊರಟುಹೋಗಿತ್ತು. ಗಂಡಸರು ಚನ್ನಪ್ಪನನ್ನು ಆಟೋದಲ್ಲಿ ಕರೆದೊಯ್ದರು. ಹೆಂಗಸರು ನಡೆದೇ ಹೊರಟರು, ದಿಲ್ಶಾದ್ ಸೇರಿ ಆರು ಜನ. ಮುಖ್ಯರಸ್ತೆ ದಾಟಿ ಹಳಿಯ ಪಕ್ಕದ ದಾರಿಗೆ ಇಳಿಯುತ್ತಿದ್ದಂತೆ ಹಿಂದೆ ಬೈಕಿನ ಸದ್ದು ಕೇಳಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಹಾರ್ನ್ ಬಡಿಯಿತು.

ಅಂಚಿನಲ್ಲಿದ್ದವಳು ರೂಢಿಯಂತೆ ಪಕ್ಕಕ್ಕೆ ಸರಿದಳು. ಸರಿದವಳು ನಿಂತಳು. ಮತ್ತೆ ತನ್ನ ಜಾಗಕ್ಕೆ ಬಂದಳು.

ಹಾರ್ನ್ ಇನ್ನೊಮ್ಮೆ, ಉದ್ದಕ್ಕೆ. ಯಾರೂ ತಿರುಗಿ ನೋಡಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಒಬ್ಬಳ ತುಟಿ ಏನನ್ನೋ ಜಪಿಸುತ್ತಿತ್ತು. ಆ ಚರಂಡಿಯಿಂದ ಈ ಚರಂಡಿಯವರೆಗೆ ದಾರಿಯ ತುಂಬ ಆರು ಹೆಂಗಸರು ಮೆಲ್ಲಗೆ ನಡೆಯುತ್ತಿದ್ದರು. ದಾಟಿಹೋಗಲು ಜಾಗವಿಲ್ಲದೆ ಬೈಕು ಒಂದನೆಯ ಗೇರಿನಲ್ಲಿ ಗುರುಗುಡುತ್ತ, ಆಗಾಗ ಕಾಲೂರುತ್ತ, ಅವರ ಹಿಂದೆ ಬರುತ್ತಿತ್ತು.